ವಿದ್ಯಾರ್ಥಿಯ ಅಪ್ರಕಟಿತ ಸೆಮಿನಾರ್ ಪೇಪರನ್ನು ಲೇಖನದಲ್ಲಿ ಉಲ್ಲೇಖಿಸುವುದು ಹೇಗೆ?

ನೀಲಿಶಾಯಿ
ಪತ್ರಿಕೆಗಳ ತಲೆಬರಹಗಳ ಬಗ್ಗೆ ಒಂದು ಸಂಶೋಧನಾ ಲೇಖನ ಬರೆಯುತ್ತಿದ್ದೇನೆ. ತಲೆಬರಹಗಳನ್ನು ನಾಲ್ಕು ಬಗೆಯಾಗಿ ವಿಂಗಡಿಸಿದ್ದೇನೆ. ಆದರೆ ಆ ವಿಂಗಡಣೆ ನನ್ನದಲ್ಲ. ನಮ್ಮ ವಿಭಾಗದ ಒಬ್ಬ ಎಂಎ ವಿದ್ಯಾರ್ಥಿನಿ ತನ್ನ ಸೆಮಿನಾರ್ ಪೇಪರಿನಲ್ಲಿ ಮಾಡಿದ್ದು. ಪೇಪರ್ ಎಲ್ಲೂ ಅಚ್ಚಾಗಿಲ್ಲ, ಗ್ರಂಥಾಲಯದಲ್ಲೂ ಇಲ್ಲ. ಅಂಕ ಬಿದ್ದ ಮೇಲೆ ಅದರ ಕಥೆ ಮುಗಿಯಿತು. ನಾನು ಕೇಳಿದೆ ಅಂತ ಅವಳೇ ಪಿಡಿಎಫ್ ಕಳಿಸಿದ್ದಳು.

ಹಿರಿಯ ಸಹೋದ್ಯೋಗಿಯೊಬ್ಬರು, "ಕ್ಲಾಸ್ ಅಸೈನ್‌ಮೆಂಟನ್ನೆಲ್ಲ ಯಾರು ಉಲ್ಲೇಖ ಮಾಡ್ತಾರೆ? ಲೇಖನ ಪರಿಶೀಲಿಸುವ ರಿವ್ಯೂವರ್ ನಗ್ತಾರೆ. ಕೊನೆಯಲ್ಲಿ ಕೃತಜ್ಞತೆ ಅಂತ ಒಂದು ಸಾಲು ಹಾಕಿ ಬಿಡಿ" ಎನ್ನುತ್ತಾರೆ. ನನಗೆ ಅದು ಸರಿ ಕಾಣುತ್ತಿಲ್ಲ. ಜರ್ನಲ್ ಕೇಳುವುದು ಎಪಿಎ ಶೈಲಿ (ಅಮೆರಿಕದ ಮನೋವಿಜ್ಞಾನ ಸಂಘದ ಉಲ್ಲೇಖ ಪದ್ಧತಿ). ಉಲ್ಲೇಖಪಟ್ಟಿಯಲ್ಲಿ ಹಾಕಬೇಕಾ, ಇಲ್ಲ ಪಠ್ಯದಲ್ಲೇ ಹೇಳಿ ಮುಗಿಸಬೇಕಾ? ತಿಳಿದವರು ಹೇಳಿ.

ಕಪಾಟು
ನಾನು ಗ್ರಂಥಾಲಯದಲ್ಲಿ ಕೆಲಸ ಮಾಡುವವಳು. ಈ ಪ್ರಶ್ನೆ ನಮ್ಮ ಮೇಜಿಗೆ ಬರುತ್ತಲೇ ಇರುತ್ತದೆ. ಮೊದಲು ನೇರ ಉತ್ತರ ಕೊಟ್ಟುಬಿಡುತ್ತೇನೆ.

ಎಪಿಎ 7ನೇ ಆವೃತ್ತಿಯಲ್ಲಿ (2019ರಲ್ಲಿ ಬಂದದ್ದು) ಅಪ್ರಕಟಿತ ಬರಹಗಳಿಗೆ ಜಾಗ ಇದೆ. ಉಲ್ಲೇಖಪಟ್ಟಿಯಲ್ಲಿ ಹೀಗೆ ಬರೆಯಿರಿ:

ಲೇಖಕಿಯ ಹೆಸರು. (ವರ್ಷ). *ಪೇಪರಿನ ಶೀರ್ಷಿಕೆ* [ಅಪ್ರಕಟಿತ ಹಸ್ತಪ್ರತಿ]. ವಿಭಾಗ, ವಿಶ್ವವಿದ್ಯಾಲಯ.

ಶೀರ್ಷಿಕೆ ಓರೆ ಅಕ್ಷರದಲ್ಲಿ. ಚೌಕ ಆವರಣದ ಒಳಗಿನದು ನೇರ ಅಕ್ಷರದಲ್ಲಿ. ಪಠ್ಯದ ಒಳಗೆ ಎಂದಿನಂತೆ ಹೆಸರು ಮತ್ತು ವರ್ಷ. ಪ್ರಕಾಶಕರ ಹೆಸರು ಬರುವ ಕಡೆ ವಿಭಾಗ ಮತ್ತು ವಿಶ್ವವಿದ್ಯಾಲಯದ ಹೆಸರು ಬರುತ್ತದೆ, ಅಷ್ಟೇ ವ್ಯತ್ಯಾಸ.

"ವೈಯಕ್ತಿಕ ಸಂವಹನ" ಅಂತ ಇನ್ನೊಂದು ದಾರಿ ಇದೆ. ಅದು ಇಮೇಲ್, ಫೋನ್ ಮಾತು, ರೆಕಾರ್ಡ್ ಮಾಡದ ಪಾಠ ಇಂಥವಕ್ಕೆ. ಅದನ್ನು ಪಟ್ಟಿಯಲ್ಲಿ ಹಾಕುವುದಿಲ್ಲ. ಪಠ್ಯದಲ್ಲೇ ಹೆಸರು ಮತ್ತು ಆದಷ್ಟು ನಿಖರವಾದ ತಾರೀಕು ಕೊಟ್ಟು ಬಿಡುತ್ತೇವೆ. ನಿಮ್ಮ ಹತ್ತಿರ ಇರುವುದು ಶೀರ್ಷಿಕೆ, ಲೇಖಕಿ, ವರ್ಷ ಮೂರೂ ಇರುವ ಪೂರ್ತಿ ಬರಹ. ಆದ್ದರಿಂದ ನಾನು ಹಸ್ತಪ್ರತಿಯ ದಾರಿಯನ್ನೇ ಹಿಡಿಯುತ್ತಿದ್ದೆ.

ತಕರಾರು
ಒಂದು ತಕರಾರು. ಉಲ್ಲೇಖ ಯಾಕಿರುವುದು? ಓದುಗ ಹೋಗಿ ಪರೀಕ್ಷಿಸಲಿ ಅಂತ. ಈ ಪೇಪರನ್ನು ಯಾರೂ ಪರೀಕ್ಷಿಸಲು ಆಗುವುದಿಲ್ಲ. ಪಿಡಿಎಫ್ ಇರುವುದು ನಿಮ್ಮ ಕಂಪ್ಯೂಟರಿನಲ್ಲಿ. ಸರಿಯಾದ ಫಾರ್ಮ್ಯಾಟಿನಲ್ಲಿ ಬರೆದ ಮಾತ್ರಕ್ಕೆ ಸಿಗದ ಪೇಪರ್ ಸಿಗುತ್ತದಾ? ನಾನು ರಿವ್ಯೂ ಮಾಡುವಾಗ "ಅಪ್ರಕಟಿತ" ಅಂತ ಕಂಡರೆ ಅಲ್ಲೇ ಪೆನ್ಸಿಲ್ ಗೀಟು ಹಾಕುತ್ತೇನೆ. ಅದರ ಮೇಲೆ ವಾದ ನಿಲ್ಲಿಸಬೇಡಿ. ನೀವೇ ಹೊಸದಾಗಿ ವಿಂಗಡಣೆ ಮಾಡಿಕೊಳ್ಳಿ.

ಹಳೇ ಕಡತ
ತಕರಾರು ಅವರೇ, ನಿಮ್ಮ ಮೊದಲ ಮಾತು ಅರ್ಧ ಸರಿ. ಕೊನೆಯ ಮಾತು ಪೂರ್ತಿ ತಪ್ಪು.

ಉಲ್ಲೇಖ ಎರಡು ಕೆಲಸ ಮಾಡುತ್ತದೆ. ಒಂದು, "ಇದು ನನ್ನದಲ್ಲ, ಇಂಥವರದ್ದು" ಅಂತ ಋಣ ಒಪ್ಪಿಕೊಳ್ಳುವುದು. ಎರಡು, ಓದುಗನಿಗೆ ಮೂಲದ ದಾರಿ ತೋರಿಸುವುದು. ಅಚ್ಚಾದ ಪುಸ್ತಕದಲ್ಲಿ ಇವೆರಡೂ ಒಂದೇ ಸಾಲಿನಲ್ಲಿ ಆಗಿಹೋಗುತ್ತವೆ. ಹಾಗಾಗಿ ಇವು ಬೇರೆ ಬೇರೆ ಅನ್ನುವುದು ನಮಗೆ ಹೊಳೆಯುವುದೇ ಇಲ್ಲ. ವಿದ್ಯಾರ್ಥಿಯ ಪೇಪರಿನಲ್ಲಿ ಮೊದಲನೆಯದು ಆಗುತ್ತದೆ, ಎರಡನೆಯದು ಆಗುವುದಿಲ್ಲ. ಎರಡನೆಯದು ಆಗಲಿಲ್ಲ ಅಂತ ಮೊದಲನೆಯದನ್ನೂ ಬಿಟ್ಟುಬಿಡು ಅನ್ನುವುದು ಯಾವ ನ್ಯಾಯ?

"ನೀವೇ ಹೊಸದಾಗಿ ಮಾಡಿಕೊಳ್ಳಿ" ಎಂದಿರಲ್ಲ, ಆ ಪೇಪರ್ ಓದಿದ ಮೇಲೆ ಹೊಸದಾಗಿ ಮಾಡುವುದು ಹೇಗೆ? ನಾಲ್ಕರ ಹೆಸರು ಬದಲಾಯಿಸಿ ಬರೆದರೆ ಅದಕ್ಕೆ ಕೃತಿಚೌರ್ಯ ಅನ್ನುತ್ತಾರೆ. ಬರೆದವಳು ಪ್ರೊಫೆಸರ್ ಅಲ್ಲ, ಎಂಎ ಹುಡುಗಿ ಅನ್ನುವುದರಿಂದ ಏನೂ ಬದಲಾಗುವುದಿಲ್ಲ.

ಪರೀಕ್ಷಿಸುವ ದಾರಿ ಬೇಕು, ಅದು ಒಪ್ಪುವ ಮಾತು. ಅದನ್ನು ಮಾಡಿಕೊಡುವ ಹೊಣೆ ಬರೆಯುವವರದ್ದು.

ತಕರಾರು
ಸರಿ, ಕೊನೆಯ ಮಾತು ಹಿಂದಕ್ಕೆ ತೆಗೆದುಕೊಂಡೆ. ಆದರೆ ಇನ್ನೊಂದನ್ನು ಕೇಳಲೇಬೇಕು. ಆ ವಿಂಗಡಣೆ ನಿಜವಾಗಿ ಅವಳದ್ದೇನಾ? ಸೆಮಿನಾರ್ ಪೇಪರುಗಳಲ್ಲಿ ಬರುವುದು ಹೆಚ್ಚಾಗಿ ಯಾವುದೋ ಪುಸ್ತಕದ ಸಾರ. ಅವಳ ಉಲ್ಲೇಖಪಟ್ಟಿ ನೋಡಿದ್ದೀರಾ? ಮೂಲ ಬೇರೆ ಕಡೆ ಇದ್ದರೆ ಅಲ್ಲಿಗೇ ಹೋಗಿ. ನಡುವೆ ಅಸೈನ್‌ಮೆಂಟ್ ಯಾಕೆ?

ಕಪಾಟು
ಇದು ಒಳ್ಳೆಯ ಪ್ರಶ್ನೆ. ನಮ್ಮ ಮೇಜಿಗೆ ಬರುವ ಇಂಥ ಪ್ರಶ್ನೆಗಳಲ್ಲಿ ಬಹಳಷ್ಟು ಇಲ್ಲೇ ಬಗೆಹರಿಯುತ್ತವೆ.

ನೀಲಿಶಾಯಿ
ಈಗ ಕೂತು ಪೇಪರನ್ನು ಮತ್ತೆ ಓದಿದೆ. ತಕರಾರು ಅವರ ಗುಮಾನಿ ಅರ್ಧ ನಿಜ. ನಾಲ್ಕರಲ್ಲಿ ಎರಡು ಬಗೆಗಳಿಗೆ ಅವಳೇ ಅಡಿಟಿಪ್ಪಣಿಯಲ್ಲಿ ಒಂದು ಪುಸ್ತಕ ತೋರಿಸಿದ್ದಾಳೆ. ಆ ಪುಸ್ತಕ ಸಿಕ್ಕಿತು, ಪುಟವೂ ಸಿಕ್ಕಿತು. ಉಳಿದ ಎರಡು ಅವಳದ್ದೇ. ಅದನ್ನು ಸ್ಪಷ್ಟವಾಗಿ ಬರೆದೂ ಇದ್ದಾಳೆ. ಯಾವ ಬಗೆ ಯಾಕೆ ಬೇಕಾಯಿತು ಅಂತ ಎರಡು ಪುಟ ವಾದ ಇದೆ.

ಹಳೇ ಕಡತ
ಹಾಗಾದರೆ ಮೊದಲ ಎರಡಕ್ಕೆ ಪುಸ್ತಕ, ಉಳಿದ ಎರಡಕ್ಕೆ ಅವಳ ಪೇಪರ್. ನಾಲ್ಕನ್ನೂ ಒಂದೇ ಚೌಕಟ್ಟಿಗೆ ತಂದದ್ದು ಅವಳು ಅನ್ನುವುದನ್ನು ಪಠ್ಯದಲ್ಲೇ ಒಂದು ವಾಕ್ಯದಲ್ಲಿ ಹೇಳಿ. ಪುಸ್ತಕವನ್ನು ನೀವೇ ಓದಿದ್ದೀರಿ, ಆದ್ದರಿಂದ ನೇರವಾಗಿ ಉಲ್ಲೇಖಿಸಬಹುದು. ಓದದೆ ಅವಳ ಅಡಿಟಿಪ್ಪಣಿ ನೋಡಿ ಪುಸ್ತಕದ ಹೆಸರು ಹಾಕುವ ಚಾಳಿ ಇದೆಯಲ್ಲ, ಅದು ಮಾತ್ರ ಬೇಡ.

ಕರಡುಪ್ರತಿ
ನಡುವೆ ಬಾಯಿ ಹಾಕುತ್ತಿದ್ದೇನೆ. ನನ್ನದು ಎಂಎಲ್‌ಎ ಶೈಲಿ, ಸಾಹಿತ್ಯ ವಿಭಾಗಗಳಲ್ಲಿ ಬಳಸುವ ಇನ್ನೊಂದು ಉಲ್ಲೇಖ ಪದ್ಧತಿ. ಅದರಲ್ಲಿ ಹೇಗೆ?

ಕಪಾಟು
ಎಂಎಲ್‌ಎ 9ನೇ ಆವೃತ್ತಿಯಲ್ಲಿ (2021) ಪ್ರತಿಯೊಂದು ಜಾತಿಯ ಬರಹಕ್ಕೂ ಬೇರೆ ನಿಯಮ ಅಂತಿಲ್ಲ. ಲೇಖಕರ ಹೆಸರು, ಶೀರ್ಷಿಕೆ, ದಿನಾಂಕ. ಕೊನೆಗೆ ಇದು ಎಂಥ ಬರಹ ಅಂತ ವಿವರ: ಯಾವ ಕೋರ್ಸು, ಯಾವ ಸಂಸ್ಥೆ, ವಿದ್ಯಾರ್ಥಿ ಪೇಪರ್.

ಶಿಕಾಗೋ ಶೈಲಿಯಲ್ಲಿ ಅಪ್ರಕಟಿತ ಬರಹದ ಶೀರ್ಷಿಕೆ ಓರೆ ಅಕ್ಷರದಲ್ಲಿ ಬರುವುದಿಲ್ಲ, ಉದ್ಧರಣ ಚಿಹ್ನೆಯೊಳಗೆ ಬರುತ್ತದೆ. ಎಪಿಎಯಿಂದ ಶಿಕಾಗೋಗೆ ಬದಲಾಯಿಸುವವರು ಇಲ್ಲೇ ಎಡವುತ್ತಾರೆ. ಎಂಜಿನಿಯರಿಂಗಿನವರು ಬಳಸುವ ಐಟ್ರಿಪಲ್‌ಇಯಲ್ಲಿ ಕೊನೆಗೆ "ಅಪ್ರಕಟಿತ" ಅಂತ ಒಂದು ಪದ ಹಾಕುತ್ತಾರೆ. ಹಾರ್ವರ್ಡ್ ಶೈಲಿ ಎಂದು ಒಂದೇ ಅಧಿಕೃತ ಪುಸ್ತಕ ಇಲ್ಲ. ಒಂದೊಂದು ವಿಶ್ವವಿದ್ಯಾಲಯದ್ದು ಒಂದೊಂದು ಥರ, ಅವರದ್ದೇ ಕೈಪಿಡಿ ನೋಡಬೇಕು.

ವೈದ್ಯಕೀಯ ಜರ್ನಲ್‌ಗಳು ಎಲ್ಲರಿಗಿಂತ ಬಿಗಿ. ವೈದ್ಯಕೀಯ ಜರ್ನಲ್ ಸಂಪಾದಕರ ಅಂತರರಾಷ್ಟ್ರೀಯ ಸಮಿತಿಯ ಶಿಫಾರಸಿನಲ್ಲಿ ವೈಯಕ್ತಿಕ ಸಂವಹನವನ್ನು ಆದಷ್ಟು ಬಿಡಿ ಎಂದೇ ಇದೆ. ಬೇರೆಲ್ಲೂ ಸಿಗದ, ತೀರಾ ಬೇಕಾದ ಮಾಹಿತಿ ಆದರೆ ಮಾತ್ರ ಸರಿ. ಆಗಲೂ ಹೆಸರು ಮತ್ತು ತಾರೀಕು ಪಠ್ಯದಲ್ಲೇ ಇರಬೇಕು. ಹೇಳಿದವರಿಂದ ಲಿಖಿತ ಅನುಮತಿ ಪಡೆದಿರಬೇಕು. ಈ ಅನುಮತಿಯ ನಿಯಮ ಎಲ್ಲ ವಿಷಯಗಳವರೂ ಪಾಲಿಸಿದರೆ ಚೆನ್ನ ಅನ್ನಿಸುತ್ತದೆ ನನಗೆ.

ಇನ್ನೊಂದು ಸಣ್ಣ ಮಾತು. ಪಿಎಚ್‌ಡಿ ಮಹಾಪ್ರಬಂಧವನ್ನೂ ಸೆಮಿನಾರ್ ಪೇಪರನ್ನೂ ಒಂದೇ ಗಂಟಿಗೆ ಕಟ್ಟಬೇಡಿ. ಮಹಾಪ್ರಬಂಧವನ್ನು ಪರೀಕ್ಷಕರು ಓದಿರುತ್ತಾರೆ, ಒಂದು ಪ್ರತಿ ಎಲ್ಲಾದರೂ ಉಳಿದಿರುತ್ತದೆ. ಆನ್‌ಲೈನ್ ಭಂಡಾರದಲ್ಲಿ ಸಿಕ್ಕರೆ ಎಪಿಎಯಲ್ಲಿ ಅದು "ಅಪ್ರಕಟಿತ" ಕೂಡ ಅಲ್ಲ. ಅದಕ್ಕೆ ಬೇರೆಯೇ ನಮೂನೆ ಇದೆ.

ಅಂಚುಟಿಪ್ಪಣಿ
ಫಾರ್ಮ್ಯಾಟ್ ಆಯಿತು. ಅನುಮತಿಯ ಬಗ್ಗೆ ಯಾರೂ ಬಿಡಿಸಿ ಹೇಳಲಿಲ್ಲ. ಹಕ್ಕುಸ್ವಾಮ್ಯದ ಕೆಲಸ ಸ್ವಲ್ಪ ಗೊತ್ತಿದೆ, ಹೇಳುತ್ತೇನೆ.

ವಿದ್ಯಾರ್ಥಿ ಬರೆದ ಪೇಪರಿನ ಹಕ್ಕು ಸಾಮಾನ್ಯವಾಗಿ ಆ ವಿದ್ಯಾರ್ಥಿಯದ್ದೇ. ಎಲ್ಲೂ ನೋಂದಣಿ ಮಾಡಿಸಬೇಕಿಲ್ಲ. ಬರೆದ ಕೂಡಲೇ ಹಕ್ಕು ಹುಟ್ಟುತ್ತದೆ. 1886ರಲ್ಲಿ ಶುರುವಾದ, ಹಕ್ಕುಸ್ವಾಮ್ಯದ ಅಂತರರಾಷ್ಟ್ರೀಯ ಬರ್ನ್ ಒಪ್ಪಂದ ಸೇರಿದ ಎಲ್ಲ ದೇಶಗಳಲ್ಲೂ ಹೀಗೇ. ಹಕ್ಕು ಇರುವುದು ಬರೆದ ರೀತಿಗೆ, ವಿಚಾರಕ್ಕಲ್ಲ. ಆದ್ದರಿಂದ ಅವಳ ವಿಂಗಡಣೆಯನ್ನು ನಿಮ್ಮ ಮಾತಿನಲ್ಲಿ ಹೇಳಿ ಹೆಸರು ಹಾಕಲು ಕಾನೂನು ಅಡ್ಡ ಬರುವುದಿಲ್ಲ.

ಸಾಲುಗಳನ್ನು ಹಾಗೇ ಎತ್ತಿ ಬರೆಯುವುದು ಬೇರೆ ವಿಷಯ. ಬರ್ನ್ ಒಪ್ಪಂದದ 10ನೇ ವಿಧಿ ಉದ್ಧರಣೆಗೆ ಅವಕಾಶ ಕೊಡುತ್ತದೆ, ನಿಜ. ಆದರೆ ಕಾನೂನುಬದ್ಧವಾಗಿ ಸಾರ್ವಜನಿಕರಿಗೆ ಈಗಾಗಲೇ ಸಿಗುವಂತಾದ ಕೃತಿಯಿಂದ ಮಾತ್ರ. ಮೇಷ್ಟ್ರಿಗೆ ಒಪ್ಪಿಸಿದ ಪೇಪರ್ ಸಾರ್ವಜನಿಕರ ಕೈಗೆ ಬಂದದ್ದಲ್ಲ. ಕೆಲವು ದೇಶಗಳ ಕಾನೂನು ಇಲ್ಲಿ ಸಡಿಲ. ಅಮೆರಿಕದಲ್ಲಿ 1992ರಲ್ಲಿ ತಿದ್ದುಪಡಿ ತಂದು, ಕೃತಿ ಅಪ್ರಕಟಿತ ಎಂಬ ಒಂದೇ ಕಾರಣಕ್ಕೆ ನ್ಯಾಯಯುತ ಬಳಕೆ (ಅನುಮತಿ ಇಲ್ಲದೆಯೂ ಕಾನೂನು ಒಪ್ಪುವ ಬಳಕೆ) ಅಲ್ಲ ಎನ್ನಲಾಗದು ಅಂತ ಸೇರಿಸಿದರು. ಅಲ್ಲಿ ಏನೇ ಇರಲಿ, ಒಂದು ಇಮೇಲ್ ಬರೆದು ಒಪ್ಪಿಗೆ ತೆಗೆದುಕೊಂಡರೆ ಈ ಗೊಡವೆಯೇ ಇಲ್ಲ. ಇಮೇಲಿನಲ್ಲಿ ಯಾವ ಭಾಗ, ಎಲ್ಲಿ ಅಚ್ಚಾಗುತ್ತದೆ, ಹೆಸರು ಹೇಗೆ ಬರಬೇಕು, ಈ ಮೂರನ್ನು ಕೇಳಿ.

ಎರಡನೇ ಸೆಮ್
ವಿದ್ಯಾರ್ಥಿಗಳ ಕಡೆಯಿಂದ ಯಾರೂ ಮಾತಾಡಲಿಲ್ಲ, ಅದಕ್ಕೆ ಬರೆಯುತ್ತಿದ್ದೇನೆ. ನಾನು ಡಿಗ್ರಿಯಲ್ಲಿ ಮಾಡಿದ ಪ್ರಾಜೆಕ್ಟಿನ ಒಂದು ಕೋಷ್ಟಕ ಆಮೇಲೆ ನಮ್ಮ ಅಧ್ಯಾಪಕರೊಬ್ಬರ ಲೇಖನದಲ್ಲಿ ಬಂತು. ಉಲ್ಲೇಖ ಇಲ್ಲ. ಕೃತಜ್ಞತೆಯಲ್ಲಿ "ವಿದ್ಯಾರ್ಥಿಗಳಿಗೆ" ಅಂತ ಒಟ್ಟಾರೆ ಒಂದು ಪದ ಇತ್ತು. ಕೇಳಿದ್ದಕ್ಕೆ "ಕ್ಲಾಸಿನ ಕೆಲಸ ಎಲ್ಲರದ್ದು" ಎಂದರು. ಹೆಸರೆಲ್ಲ ಹೇಳುವುದಿಲ್ಲ ಬಿಡಿ. ನೀಲಿಶಾಯಿ ಮೇಡಂ ಕೇಳುತ್ತಿದ್ದಾರಲ್ಲ, ಅದೇ ಸಂತೋಷ. ಆದರೆ ನನ್ನಂಥವರು ಏನು ಮಾಡಬೇಕು?

ಹಳೇ ಕಡತ
ಕ್ಲಾಸಿನ ಕೆಲಸ ಎಲ್ಲರದ್ದು ಅನ್ನುವುದಾದರೆ ಅಂಕವನ್ನೂ ಎಲ್ಲರಿಗೂ ಹಂಚಬೇಕಿತ್ತಲ್ಲ!

ಕೆಲಸಕ್ಕೆ ಬರುವ ಮಾತು ಹೇಳುತ್ತೇನೆ. ನೀವು ಪ್ರಾಜೆಕ್ಟ್ ಒಪ್ಪಿಸಿದ ಇಮೇಲ್, ತಾರೀಕು ಇರುವ ಫೈಲು, ಕರಡುಗಳು ಇದ್ದರೆ ಜೋಪಾನ ಮಾಡಿ. ಕೋಷ್ಟಕ ಮತ್ತು ಅಚ್ಚಾದ ಲೇಖನವನ್ನು ಅಕ್ಕಪಕ್ಕ ಇಟ್ಟು, ಏನೇನು ಒಂದೇ ಆಗಿದೆ ಅಂತ ಬರೆದಿಡಿ. ಮೊದಲು ಅವರಿಗೇ ಬರವಣಿಗೆಯಲ್ಲಿ ಕೇಳಿ, ಸಿಟ್ಟಿಲ್ಲದೆ. ಆಗದಿದ್ದರೆ ಜರ್ನಲ್ ಸಂಪಾದಕರಿಗೆ ಬರೆಯಬಹುದು. ಕೋಪ್ ಅಂತ ಒಂದು ಸಂಸ್ಥೆ ಇದೆ, 1997ರಲ್ಲಿ ಶುರುವಾದದ್ದು, ಪ್ರಕಟಣೆಯ ನೀತಿಗೆ ಸಂಬಂಧಿಸಿದ್ದು. ಕೃತಿಚೌರ್ಯದ ದೂರು ಬಂದರೆ ಸಂಪಾದಕರು ಹೆಜ್ಜೆ ಹೆಜ್ಜೆಯಾಗಿ ಏನು ಮಾಡಬೇಕು ಅಂತ ಅವರ ನಕ್ಷೆಗಳು ಮುಕ್ತವಾಗಿ ಸಿಗುತ್ತವೆ. ಬರೆಯುವ ಮೊದಲು ಅದನ್ನು ಓದಿಕೊಳ್ಳಿ. ಸಂಪಾದಕರು ಏನು ಕೇಳುತ್ತಾರೆ ಅಂತ ಗೊತ್ತಿದ್ದರೆ ದೂರು ಗಟ್ಟಿಯಾಗುತ್ತದೆ.

ತಕರಾರು
ಇದರಲ್ಲಿ ನಾನು ವಿದ್ಯಾರ್ಥಿಯ ಪಕ್ಷ. ಇನ್ನೂ ಒಂದು ಹೆಜ್ಜೆ ಮುಂದೆ ಹೋಗುತ್ತೇನೆ. ಲೇಖನದ ಮುಖ್ಯ ದತ್ತಾಂಶವೇ ವಿದ್ಯಾರ್ಥಿಯದ್ದಾದರೆ ಉಲ್ಲೇಖ ಸಾಲದು, ಸಹಲೇಖಕ ಮಾಡುವ ಮಾತು ಬರಬೇಕು. ಕ್ರೆಡಿಟ್ ಅನ್ನುವ ಪಟ್ಟಿಯಲ್ಲಿ 14 ಬಗೆಯ ಕೊಡುಗೆಗಳಿವೆ. ಪರಿಕಲ್ಪನೆ, ದತ್ತಾಂಶದ ನಿರ್ವಹಣೆ, ವಿಶ್ಲೇಷಣೆ ಹೀಗೆ. ಅದನ್ನು ಮುಂದಿಟ್ಟು ನೋಡಿದರೆ ಯಾರು ಏನು ಮಾಡಿದ್ದು ಅಂತ ಜಗಳ ಇಲ್ಲದೆ ಗೊತ್ತಾಗುತ್ತದೆ. ಒಂದು ವಿಚಾರ ತೆಗೆದುಕೊಂಡರೆ ಉಲ್ಲೇಖ. ಕರಡು ಓದಿ ಸಲಹೆ ಕೊಟ್ಟರೆ ಕೃತಜ್ಞತೆ. ಲೇಖನದ ಬೆನ್ನೆಲುಬೇ ಅವರದ್ದಾದರೆ ಲೇಖಕರ ಸಾಲಿನಲ್ಲಿ ಹೆಸರು. ನೀಲಿಶಾಯಿ ಅವರ ಸಹೋದ್ಯೋಗಿ ಮೊದಲನೆಯದನ್ನು ಎರಡನೆಯದಕ್ಕೆ ಇಳಿಸಿಬಿಟ್ಟಿದ್ದಾರೆ, ಅಷ್ಟೇ.

ಮಂಡಕ್ಕಿ
ನನ್ನದು ಸ್ವಲ್ಪ ಬೇರೆ. ನಾನು ಭಾಷೆ ಕಲಿಸುವವಳು. ವಿದ್ಯಾರ್ಥಿಗಳ ಪ್ರಬಂಧಗಳಲ್ಲಿ ಬರುವ ತಪ್ಪುಗಳ ಬಗ್ಗೆ ಬರೆಯುತ್ತಿದ್ದೇನೆ. ಅವರ ಸಾಲುಗಳನ್ನು ಉದಾಹರಣೆಯಾಗಿ ಕೊಡಬೇಕು. ಅದಕ್ಕೂ ಹೀಗೇ ಹೆಸರು, ವರ್ಷ, ಅಪ್ರಕಟಿತ ಹಸ್ತಪ್ರತಿ?

ಅಂಚುಟಿಪ್ಪಣಿ
ಇಲ್ಲ ಇಲ್ಲ. ಅಲ್ಲಿ ನಿಯಮವೇ ತಿರುಗುಮುರುಗು. ನೀಲಿಶಾಯಿ ಅವರಿಗೆ ಆ ಪೇಪರ್ ಒಂದು ಆಕರ. ಅಲ್ಲಿ ಹೆಸರು ಹಾಕುವುದು ಗೌರವ. ನಿಮಗೆ ಆ ಪ್ರಬಂಧಗಳು ದತ್ತಾಂಶ. ಹೆಸರು ಹಾಕಿದರೆ "ನೋಡಿ, ಇಂಥವನು ಇಂಥ ತಪ್ಪು ಮಾಡಿದ" ಅಂತ ಡಂಗುರ ಸಾರಿದಂತೆ. ಎಪಿಎ ಕೂಡ ಸಂಶೋಧನೆಯಲ್ಲಿ ಭಾಗವಹಿಸಿದವರ ಮಾತುಗಳನ್ನು ವೈಯಕ್ತಿಕ ಸಂವಹನ ಎಂದು ಉಲ್ಲೇಖಿಸಬೇಡಿ ಎನ್ನುತ್ತದೆ. "ವಿದ್ಯಾರ್ಥಿ 7", "ಪ್ರಬಂಧ ಕ" ಅಂತ ಗುರುತು ಕೊಡಿ. ಉಲ್ಲೇಖಪಟ್ಟಿಗೆ ಬರುವುದೇ ಬೇಡ.

ಒಪ್ಪಿಗೆ ಪತ್ರ ಬೇಕು. ನಿಮ್ಮ ಸಂಸ್ಥೆಯ ನೈತಿಕ ಸಮಿತಿಯನ್ನು ಕೇಳಬೇಕು, ಅದೂ ಬರೆಯಲು ಶುರು ಮಾಡುವ ಮೊದಲು. ಅಂಕ ಕೊಡುವವರು ನೀವೇ ಆಗಿದ್ದರೆ ಒಪ್ಪಿಗೆಯನ್ನು ಬೇರೆಯವರ ಕೈಲಿ ಕೇಳಿಸಿ. ಅಥವಾ ಫಲಿತಾಂಶ ಬಂದ ಮೇಲೆ ಕೇಳಿ. ಮಾರ್ಕ್ಸ್ ಕೈಯಲ್ಲಿ ಹಿಡಿದವರು ಕೇಳಿದರೆ ಯಾವ ವಿದ್ಯಾರ್ಥಿ "ಬೇಡ" ಅಂತಾನೆ?

ಇದು ಸುಮ್ನೆ ಶಿಷ್ಟಾಚಾರ ಅಂದುಕೊಳ್ಳಬೇಡಿ. ಪರೀಕ್ಷೆಯಲ್ಲಿ ಅಭ್ಯರ್ಥಿ ಬರೆದ ಉತ್ತರಗಳು ಅವನ ವೈಯಕ್ತಿಕ ಮಾಹಿತಿಯೇ ಅಂತ ಯುರೋಪಿಯನ್ ಒಕ್ಕೂಟದ ನ್ಯಾಯಾಲಯ 2017ರಲ್ಲಿ ಹೇಳಿತು. ಪರೀಕ್ಷಕರು ಅಂಚಿನಲ್ಲಿ ಬರೆದ ಟಿಪ್ಪಣಿಯೂ ಅದರಲ್ಲಿ ಸೇರುತ್ತದೆ.

ಕರಡುಪ್ರತಿ
ನನ್ನದೇ ಹಳೆಯ ಅಸೈನ್‌ಮೆಂಟನ್ನು ಈಗ ಕಿರುಪ್ರಬಂಧದಲ್ಲಿ ಬಳಸಿದರೆ? ನನ್ನದೇ ಅಲ್ವಾ, ಕದ್ದದ್ದಲ್ಲ.

ಕಪಾಟು
ಕದ್ದದ್ದಲ್ಲ ನಿಜ. ಆದರೆ ಒಂದೇ ಕೆಲಸಕ್ಕೆ ಎರಡು ಸಲ ಅಂಕ ತೆಗೆದುಕೊಂಡಂತೆ ಆಗಬಹುದು. ಎಷ್ಟೋ ವಿಶ್ವವಿದ್ಯಾಲಯಗಳು ಇದನ್ನು ಸ್ವಂತ ಕೃತಿಚೌರ್ಯ ಅಂತಲೇ ನೋಡುತ್ತವೆ. ಗೈಡ್ ಹತ್ತಿರ ಮೊದಲೇ ಕೇಳಿ. ಆಮೇಲೆ ಬೇರೆಯವರದ್ದನ್ನು ಉಲ್ಲೇಖಿಸುವ ಹಾಗೇ ನಿಮ್ಮ ಹೆಸರನ್ನು ನೀವೇ ಹಾಕಿ, ಅಪ್ರಕಟಿತ ಅಂತ ಬರೆಯಿರಿ.

ಟರ್ನಿಟಿನ್ (ಬರಹಗಳ ಹೋಲಿಕೆ ಪತ್ತೆಹಚ್ಚುವ ತಂತ್ರಾಂಶ) ವಿಷಯವೂ ಇದೆ. ಆ ಅಸೈನ್‌ಮೆಂಟ್ ಅಂದು ಟರ್ನಿಟಿನ್ ಮೂಲಕ ಹೋಗಿ ಅವರ ಸಂಗ್ರಹದಲ್ಲಿ ಉಳಿದಿದ್ದರೆ, ಈಗ ನಿಮ್ಮ ಕಿರುಪ್ರಬಂಧಕ್ಕೆ "ವಿದ್ಯಾರ್ಥಿ ಪೇಪರಿಗೆ ಹೋಲಿಕೆ" ಎಂದು ತೋರಿಸುತ್ತದೆ. ಹಳೆಯದು ಬೇರೆ ಕಾಲೇಜಿನಲ್ಲಿ ಬರೆದದ್ದಾದರೆ, ಈಗಿನ ಮೇಷ್ಟ್ರಿಗೆ ಆ ಪೇಪರ್ ನೇರವಾಗಿ ತೆರೆಯುವುದೂ ಇಲ್ಲ, ಅಲ್ಲಿನವರ ಅನುಮತಿ ಕೇಳಬೇಕು. ಅದು ನಿಮ್ಮದೇ ಅಂತ ಅವರಿಗೆ ಹೇಗೆ ಗೊತ್ತಾಗಬೇಕು? ಹಳೆಯ ಪ್ರತಿ ಇಟ್ಟುಕೊಂಡು ಮುಂಚೆಯೇ ಹೇಳಿಬಿಡಿ.

ಜರ್ನಲ್‌ಗೆ ಕಳಿಸುವುದಾದರೆ ಇನ್ನೊಂದು ತೊಡಕು. ಹೆಸರು ಮುಚ್ಚಿಟ್ಟು ರಿವ್ಯೂ ಮಾಡುವ ಕಡೆ "ನನ್ನ ಅಪ್ರಕಟಿತ ಪೇಪರ್" ಅಂತ ಬರೆದರೆ ಗುಟ್ಟು ರಟ್ಟಾಗುತ್ತದೆ. ಆ ಹಂತದಲ್ಲಿ "ಲೇಖಕ, ವರ್ಷ" ಎಂದಷ್ಟೇ ಇಟ್ಟು, ಒಪ್ಪಿಗೆ ಆದ ಮೇಲೆ ಹೆಸರು ತುಂಬಿಸಿ.

ನೀಲಿಶಾಯಿ
ವಿದ್ಯಾರ್ಥಿನಿಗೆ ಬರೆದಿದ್ದೆ, ಉತ್ತರ ಬಂತು. ಹೆಸರು ಹಾಕಿ ಅಂದಳು. ಪೇಪರನ್ನು ಯಾರು ಕೇಳಿದರೂ ಕೊಡಿ ಅಂತಲೂ ಬರೆದಿದ್ದಾಳೆ. ಆದರೆ ತಕರಾರು ಅವರು ಮೊದಲು ಹೇಳಿದ್ದು ತಲೆಯಲ್ಲಿ ಕೊರೆಯುತ್ತಿದೆ. ಓದುಗರು ಆ ಪೇಪರನ್ನು ನೋಡುವುದು ಹೇಗೆ?

ಹಳೇ ಕಡತ
ಅವಳಿಗೆ ಇಷ್ಟ ಇದ್ದರೆ ಅವಳೇ ಅದನ್ನು ಯಾವುದಾದರೂ ಮುಕ್ತ ಭಂಡಾರಕ್ಕೆ ಏರಿಸಲಿ. ನಿಮ್ಮ ವಿಶ್ವವಿದ್ಯಾಲಯಕ್ಕೆ ಸ್ವಂತ ಭಂಡಾರ ಇದ್ದರೆ ಅಲ್ಲಿ. ಇಲ್ಲದಿದ್ದರೆ ಜೆನೋಡೋ ಇದೆ. ಯುರೋಪಿನ ಭೌತವಿಜ್ಞಾನ ಸಂಶೋಧನಾ ಸಂಸ್ಥೆ ಸರ್ನ್ ನಡೆಸುವುದು, 2013ರಿಂದ ಇದೆ, ದುಡ್ಡು ಕೊಡಬೇಕಿಲ್ಲ. ಏರಿಸಿದ ಕೂಡಲೇ ಡಿಒಐ (ಬರಹಕ್ಕೆ ಕೊಡುವ ಶಾಶ್ವತ ಆನ್‌ಲೈನ್ ಗುರುತು) ಸಿಗುತ್ತದೆ. ಫೈಲನ್ನು ಮುಚ್ಚಿಟ್ಟು ಕೇಳಿದವರಿಗೆ ಮಾತ್ರ ಕೊಡುವ ವ್ಯವಸ್ಥೆಯೂ ಉಂಟು. ಆಗ ನಿಮ್ಮ ಉಲ್ಲೇಖದಲ್ಲಿ "ಅಪ್ರಕಟಿತ" ಅನ್ನುವುದು ಹೋಗಿ ಭಂಡಾರದ ಹೆಸರು ಮತ್ತು ಡಿಒಐ ಬರುತ್ತವೆ. ಗೀಟು ಹಾಕಲು ತಕರಾರು ಅವರ ಪೆನ್ಸಿಲ್ಲಿಗೆ ಜಾಗವೇ ಇರುವುದಿಲ್ಲ.

ಮುಖ್ಯ ಮಾತು, ಏರಿಸುವುದು ಅವಳು, ಅವಳ ಖಾತೆಯಿಂದ. ನೀವು ಏರಿಸಬೇಡಿ. ಮುಂದೆ ಅವಳೇ ಅದನ್ನು ಲೇಖನವಾಗಿ ಪ್ರಕಟಿಸುವ ಯೋಚನೆ ಇದ್ದರೆ, ಮೊದಲೇ ಏರಿಸಿದ್ದನ್ನು ಒಪ್ಪದ ಜರ್ನಲ್‌ಗಳೂ ಇವೆ ಅಂತ ಹೇಳಿ, ಆಮೇಲೆ ನಿರ್ಧಾರ ಅವಳಿಗೆ ಬಿಡಿ.

ತಕರಾರು
ಪೆನ್ಸಿಲ್ ಕೆಳಗಿಟ್ಟೆ. ಅವಳು ಏರಿಸದಿದ್ದರೂ ಒಂದು ದಾರಿ ಇದೆ. ಅವಳ ಆ ಎರಡು ಬಗೆಗಳ ವ್ಯಾಖ್ಯೆಯನ್ನು, ಒಂದೊಂದು ಉದಾಹರಣೆ ಸಹಿತ, ಅವಳ ಒಪ್ಪಿಗೆಯಿಂದ ಲೇಖನದ ಅನುಬಂಧದಲ್ಲಿ ಹಾಕಿ. ರಿವ್ಯೂವರ್ ಕೇಳುವುದು ಅದನ್ನೇ. ಇಡೀ ಪೇಪರ್ ಯಾರಿಗೂ ಬೇಕಿಲ್ಲ.

ಮಂಡಕ್ಕಿ
ಒಂದು ಪ್ರಶ್ನೆ. ವಿದ್ಯಾರ್ಥಿ ಹೆಸರು ಬೇಡ ಎಂದರೆ?

ಅಂಚುಟಿಪ್ಪಣಿ
ಬೇಡ ಎಂದರೆ ಬೇಡ. "ಈ ವಿಂಗಡಣೆ ವಿದ್ಯಾರ್ಥಿಯೊಬ್ಬರ ಅಪ್ರಕಟಿತ ಪೇಪರಿನದು, ಅವರ ಕೋರಿಕೆಯಂತೆ ಹೆಸರು ಕೊಟ್ಟಿಲ್ಲ, ಅನುಮತಿ ಪಡೆದಿದೆ" ಅಂತ ಅಡಿಟಿಪ್ಪಣಿ ಹಾಕಿ. ಸಂಪಾದಕರಿಗೆ ಬೇಕಾದರೆ ಅನುಮತಿಯ ಇಮೇಲ್ ತೋರಿಸಿ. ಹೆಸರು ಬಿಟ್ಟರೂ ನಿಮ್ಮದು ಅಂತ ಆಗಬಾರದು.

ನೀಲಿಶಾಯಿ
ಅವಳು ಜೆನೋಡೋ ಬಗ್ಗೆ ಯೋಚಿಸಿ ಹೇಳುತ್ತೇನೆ ಅಂದಿದ್ದಾಳೆ. ಅಲ್ಲಿಯ ತನಕ ಅಪ್ರಕಟಿತ ಹಸ್ತಪ್ರತಿ ಅಂತಲೇ ಇರಲಿ, ಜೊತೆಗೆ ಅನುಬಂಧ. ಇನ್ನೊಂದೇ ಅನುಮಾನ. ಅವಳು ಸೆಮಿನಾರಿಗೆ ಒಪ್ಪಿಸಿದ್ದು 2022ರಲ್ಲಿ. ನನಗೆ ಕಳಿಸಿದ ಪಿಡಿಎಫ್ 2023ರಲ್ಲಿ ತಿದ್ದಿದ್ದು. ನಾಲ್ಕನೇ ಬಗೆ ಬಂದದ್ದೇ ತಿದ್ದಿದ ಪ್ರತಿಯಲ್ಲಿ. ಯಾವ ವರ್ಷ ಹಾಕಲಿ?

ಕಪಾಟು
2023. ನೀವು ಓದಿ ಬಳಸಿದ ಪ್ರತಿಯ ವರ್ಷವೇ ಬರಬೇಕು. 2022ರ ಪ್ರತಿಯಲ್ಲಿ ನಾಲ್ಕನೇ ಬಗೆ ಇಲ್ಲದೇ ಇರುವಾಗ ಆ ವರ್ಷ ಹಾಕಿದರೆ ಉಲ್ಲೇಖ ತಪ್ಪಾಗುತ್ತದೆ. ಪಿಡಿಎಫ್‌ನ ಮೊದಲ ಪುಟದಲ್ಲೇ "ಪರಿಷ್ಕೃತ, 2023" ಅಂತ ಅವಳ ಕೈಲೇ ಬರೆಸಿಕೊಳ್ಳಿ.